ದೊಡ್ಡ ಮೀನು ಅಂದ್ರೆ ಮುದಿ ಮೀನಾ? ಗಾಳದ ಮೀನುಗಳ ವಯಸ್ಸಿನ ಲೆಕ್ಕ

ಹೋದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಬಂತು. ಎಮ್ಮೆಕರು ಗಾತ್ರದ ಒಂದು ಮೀನು, ಸುತ್ತ ನಾಲ್ಕೈದು ಜನ, ಕೆಳಗೆ "ಕಾವೇರಿಯಲ್ಲಿ ಸಿಕ್ಕ 120 ವರ್ಷದ ಮೀನು, ಎಲ್ಲರಿಗೂ ಶೇರ್ ಮಾಡಿ" ಅಂತ. ನಮ್ಮ ಸೋದರಮಾವ ತಕ್ಷಣ "ಮತ್ತೆ, ಇಷ್ಟು ದಪ್ಪ ಆಗ್ಬೇಕಂದ್ರೆ ನೂರು ವರ್ಷ ಬೇಕೇ ಬೇಕಲ್ವಾ" ಅಂತ ಹಾಕಿದ್ರು, ಹತ್ತು ಜನ ಕೈ ಮುಗಿಯೋ ಇಮೋಜಿ ಹಾಕಿದ್ರು, ಅಲ್ಲಿಗೆ ಮೀನಿನ ವಯಸ್ಸು ತೀರ್ಮಾನ ಆಗೋಯ್ತು.

ಮಾವನ ಲಾಜಿಕ್ ತಪ್ಪು ಅಂತ ಒಂದೇ ಮಾತಲ್ಲಿ ತಳ್ಳಿಹಾಕೋಕೂ ಆಗಲ್ಲ, ಯಾಕಂದ್ರೆ ಅರ್ಧ ಸರಿ ಇದೆ. ಮೀನು ವಯಸ್ಸಾದ ಹಾಗೆ ಬೆಳೆಯುತ್ತೆ, ನಿಜ. ಆದ್ರೆ ಮೀನಿನ ಗಾತ್ರ ನೋಡಿ ವಯಸ್ಸು ಹೇಳ್ತೀನಿ ಅನ್ನೋದು ಮನೆ ಸೈಜ್ ನೋಡಿ ಅದನ್ನ ಯಾವ ಇಸ್ವೀಲಿ ಕಟ್ಟಿದ್ರು ಅಂತ ಹೇಳಿದ ಹಾಗೆ. ಕೆಲವು ಸಲ ಸರಿ ಹೋಗುತ್ತೆ, ಬಹಳ ಸಲ ಎಡವುತ್ತೆ. ಯಾವಾಗ ಸರಿ ಹೋಗುತ್ತೆ, ಯಾವಾಗ ಎಡವುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ, ಅದೂ ಮುಖ್ಯವಾಗಿ ಗಾಳದ ಮೀನುಗಳ ವಿಷಯದಲ್ಲಿ. ಸ್ಪೋರ್ಟ್ ಫಿಶ್ ಅಂತಾರಲ್ಲ, ಅಂದ್ರೆ ಹೊಟ್ಟೆಪಾಡಿಗೆ ಬಲೆ ಬೀಸಿ ಹಿಡಿಯೋದಲ್ಲ, ಜನ ಖುಷಿಗೆ ಗಾಳ ಹಾಕಿ, ಎಳೆದಾಡಿ, ಫೋಟೋ ತೆಗೆಸಿಕೊಳ್ಳೋ ಮೀನು. ನಮ್ಮಲ್ಲಿ ಮಹಶೀರ್, ಅಮೆರಿಕದಲ್ಲಿ ಬಾಸ್, ತಣ್ಣನೆ ನೀರಿನ ಕಡೆ ಟ್ರೌಟ್, ಈ ಥರದವು.

ಮನುಷ್ಯರ ಲೆಕ್ಕ ಮೀನಿಗೆ ನಡೆಯಲ್ಲ

ನಾವು ಹದಿನೆಂಟು ಇಪ್ಪತ್ತಕ್ಕೆ ಉದ್ದ ಆಗೋದು ನಿಲ್ಲಿಸ್ತೀವಿ, ಆಮೇಲೆ ಬೆಳೆಯೋದು ಹೊಟ್ಟೆ ಮಾತ್ರ. ಹಸು, ನಾಯಿ, ಕೋಳಿ ಎಲ್ಲದಕ್ಕೂ ಹೀಗೇ ಒಂದು ಅಳತೆ ಇದೆ, ಅಲ್ಲಿಗೆ ಬಂದ ಮೇಲೆ ಮುಗೀತು. ಹೆಚ್ಚಿನ ಮೀನುಗಳಿಗೆ ಹಾಗೆ ಗೆರೆ ಎಳೆದಿಟ್ಟ ಅಳತೆ ಇಲ್ಲ. ಊಟ ಸಿಕ್ಕಿದ್ರೆ, ಜಾಗ ಇದ್ರೆ, ನೀರು ಹಿತವಾಗಿದ್ರೆ ಸಾಯೋ ತನಕ ಇಷ್ಟಿಷ್ಟೇ ಬೆಳೀತಾನೇ ಇರುತ್ತೆ. ಊಟ ತೀರ ಕಮ್ಮಿ ಆದ್ರೆ ಹೆಚ್ಚೇನೂ ಬೆಳೆಯದೇ ಸುಮ್ಮನೆ ಬದುಕಿರಬಲ್ಲದು, ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕ ಕೂಡ್ಲೇ ಬೆಳೆಯೋಕೆ ಶುರು ಮಾಡುತ್ತೆ. ಈ ಎರಡನೇ ಭಾಗ ಯಾರೂ ಹೇಳಲ್ಲ, ಎಲ್ಲ ಗೊಂದಲ ಇರೋದು ಅಲ್ಲೇ.

ಇನ್ನೊಂದು ವಿಷಯ, ಮೀನು ತಣ್ಣನೆ ರಕ್ತದ ಪ್ರಾಣಿ. ನಮ್ಮ ಮೈ ಒಳಗೆ ಒಲೆ ಯಾವಾಗಲೂ ಉರೀತಾ ಇರುತ್ತೆ, ಮೀನಿಗೆ ಹಾಗಲ್ಲ, ನೀರು ಎಷ್ಟು ಬೆಚ್ಚಗಿದೆಯೋ ಮೈಯೂ ಹೆಚ್ಚುಕಮ್ಮಿ ಅಷ್ಟೇ. ನೀರು ತಣ್ಣಗಾದ್ರೆ ಅರಗಿಸಿಕೊಳ್ಳೋದು ನಿಧಾನ, ಓಡಾಟ ನಿಧಾನ, ಬೆಳವಣಿಗೆಯೂ ನಿಧಾನ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬೋಕೆ ತಡ ಮಾಡುತ್ತಲ್ಲ, ಆ ಥರ.

ಆದಾಯ ಖರ್ಚಿನ ಲೆಕ್ಕ

ಹಾಗಾದ್ರೆ ಸಾಯೋ ತನಕ ಬೆಳೆಯೋದಾದ್ರೆ ಹಳೇ ಮೀನೆಲ್ಲ ಬಸ್ ಗಾತ್ರ ಆಗಬೇಕಿತ್ತಲ್ವಾ? ಆಗಲ್ಲ, ಯಾಕಂದ್ರೆ ಬೆಳೆಯೋ ಸ್ಪೀಡ್ ಕಮ್ಮಿಯಾಗ್ತಾ ಹೋಗುತ್ತೆ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ್ನ ನೆನೆಸಿಕೊಳ್ಳಿ. ಸಂಬಳ ಇಪ್ಪತ್ತು ಸಾವಿರ, ಪಿಜಿ ಬಾಡಿಗೆ ಬಿಟ್ರೆ ಖರ್ಚು ಇಲ್ಲ, ಉಳಿತಾಯ ಸಖತ್ ಆಗುತ್ತೆ. ಹದಿನೈದು ವರ್ಷ ಆದ್ಮೇಲೆ ಸಂಬಳ ಎಷ್ಟೋ ಪಟ್ಟು ಜಾಸ್ತಿ ಆಗಿರುತ್ತೆ, ಆದ್ರೆ ಮನೆ ಸಾಲ, ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ, ತಿಂಗಳ ಕೊನೆಗೆ ಉಳಿಯೋದು ಚಿಲ್ಲರೆ. ಮೀನಿನ ಕಥೆಯೂ ಇದೇ. ಮರಿಯಾಗಿದ್ದಾಗ ತಿಂದಿದ್ದೆಲ್ಲ ಮೈಗೆ ಹೋಗುತ್ತೆ. ದೊಡ್ಡದಾದ ಮೇಲೆ ಆ ದೊಡ್ಡ ಮೈಯನ್ನ ನಡೆಸೋಕೇ ತಿಂದಿದ್ದರಲ್ಲಿ ಬಹುಪಾಲು ಖರ್ಚು. ಅದರ ಮೇಲೆ ಪ್ರಾಯಕ್ಕೆ ಬಂದ ಮೇಲೆ ಮೊಟ್ಟೆ ಕಟ್ಟೋದು, ಮೊಟ್ಟೆ ಇಡೋಕೆ ಹೊಳೆ ಹತ್ತಿ ಹೋಗೋದು, ಇದೆಲ್ಲ ದೊಡ್ಡ ಖರ್ಚು. ಹಾಗಾಗಿ ಉಳಿತಾಯ, ಅಂದ್ರೆ ಬೆಳವಣಿಗೆ, ವರ್ಷ ವರ್ಷ ಕಮ್ಮಿಯಾಗ್ತಾ ಬರುತ್ತೆ. ಪೂರ್ತಿ ನಿಲ್ಲಲ್ಲ, ಆದ್ರೆ ನಿಂತ ಹಾಗೇ.

ಇದನ್ನ ಒಂದು ಗಣಿತದ ಗೆರೆಯಾಗಿ ಬರೆದು ಕೊಟ್ಟಿದ್ದು ಆಸ್ಟ್ರಿಯಾದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬೆರ್ಟಲಾನ್ಫಿ, 1938ರಲ್ಲಿ. ಇವತ್ತಿಗೂ ಮೀನುಗಾರಿಕೆ ಓದೋ ಮಕ್ಕಳಿಗೆ ಈ ಹೆಸರು ಉಚ್ಚಾರ ಮಾಡೋಕೆ ಕಷ್ಟ, ಆದ್ರೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಅವರ ಗೆರೆ ಮೊದಲು ಕಡಿದಾಗಿ ಏರಿ ಆಮೇಲೆ ಬಾಗಿ ಬಾಗಿ ಮಟ್ಟಸ ಆಗುತ್ತೆ, ಒಂದು ಮೇಲ್ಮಿತಿಗೆ ಹತ್ತಿರ ಹತ್ತಿರ ಹೋಗುತ್ತೆ, ಮುಟ್ಟಲ್ಲ.

ಒಂದು ಕಾಲ್ಪನಿಕ ಮೀನು ತಗೊಳ್ಳೋಣ, ಇದು ಯಾವ ನಿಜವಾದ ಜಾತಿಯೂ ಅಲ್ಲ, ಲೆಕ್ಕಕ್ಕೆ ಮಾತ್ರ. ಮೇಲ್ಮಿತಿ 150 ಸೆಂ.ಮೀ. ಉದ್ದ, ಪ್ರತಿ ವರ್ಷ ಉಳಿದಿರೋ ದೂರದಲ್ಲಿ ಸುಮಾರು ಹತ್ತನೇ ಒಂದು ಭಾಗ ಬೆಳೆಯುತ್ತೆ ಅಂತ ಇಟ್ಕೊಳ್ಳಿ. ಒಂದು ವರ್ಷಕ್ಕೆ 14 ಸೆಂ.ಮೀ., ಎರಡು ವರ್ಷಕ್ಕೆ 27, ಐದಕ್ಕೆ 59, ಹತ್ತಕ್ಕೆ 95. ಇಲ್ಲಿವರೆಗೂ ಜೋರಾಗಿದೆ. ಇಪ್ಪತ್ತಕ್ಕೆ 130, ಇಪ್ಪತ್ತೈದಕ್ಕೆ 138, ಮೂವತ್ತಕ್ಕೆ ಬರೀ 142-143. ಅಂದ್ರೆ ಚಿಕ್ಕ ವಯಸ್ಸಲ್ಲಿ ಒಂದೇ ವರ್ಷದಲ್ಲಿ ಬೆಳೆದಷ್ಟನ್ನ ಕೊನೆ ಕೊನೆಗೆ ಐದು ವರ್ಷದಲ್ಲೂ ಬೆಳೆಯಲ್ಲ.

ಈಗ ತಿರುಗಿಸಿ ನೋಡಿ. ನನ್ನ ಕೈಗೆ ಇದೇ ಜಾತಿಯ 27 ಸೆಂ.ಮೀ. ಮೀನು ಸಿಕ್ಕಿದ್ರೆ ಎರಡು ವರ್ಷದ್ದು ಅಂತ ಧೈರ್ಯವಾಗಿ ಹೇಳ್ತೀನಿ. 125 ಸೆಂ.ಮೀ.ದು ಸಿಕ್ಕಿದ್ರೆ? ಲೆಕ್ಕದ ಪ್ರಕಾರ 18 ವರ್ಷ. 140 ಸೆಂ.ಮೀ.ಗೆ 27 ವರ್ಷ. ಗೇಣುದ್ದಕ್ಕೂ ಕಮ್ಮಿ ವ್ಯತ್ಯಾಸ, ವಯಸ್ಸಲ್ಲಿ ಒಂಬತ್ತು ವರ್ಷ. ಅದರಲ್ಲೂ ನಿಜವಾದ ಹೊಳೇಲಿ ಒಂದೊಂದು ಮೀನೂ ಒಂದೊಂದು ಥರ ಬೆಳೆದಿರುತ್ತೆ, ಚೆನ್ನಾಗಿ ತಿಂದಿದ್ದು 18ಕ್ಕೇ 140 ಆಗಿರಬಹುದು, ಸೊರಗಿದ್ದು 27ಕ್ಕೂ 125ರಲ್ಲೇ ಇರಬಹುದು. ಹಾಗಾಗಿ ಮರಿಗಳ ವಯಸ್ಸು ಗಾತ್ರದಲ್ಲಿ ಗೊತ್ತಾಗುತ್ತೆ, ದೊಡ್ಡವುಗಳದ್ದು ಗೊತ್ತಾಗಲ್ಲ. ನಮಗೆ ಕುತೂಹಲ ಇರೋದು ಮಾತ್ರ ದೊಡ್ಡವುಗಳ ಬಗ್ಗೆನೇ.

ಉದ್ದ ಬೇರೆ, ತೂಕ ಬೇರೆ

ಗಾಳ ಹಾಕೋರು ಮಾತಾಡೋದೆಲ್ಲ ಕೆಜಿಯಲ್ಲಿ. ಇಲ್ಲೊಂದು ಮೋಸ ಇದೆ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ನೀರಿನ ತೊಟ್ಟಿ ಇದೆ ಅಂದ್ಕೊಳ್ಳಿ. ಮೂರೂ ಕಡೆ ಎರಡೆರಡು ಅಡಿ ಮಾಡಿದ್ರೆ ನೀರು ಎರಡು ಪಟ್ಟಲ್ಲ, ಎಂಟು ಪಟ್ಟು ಹಿಡಿಯುತ್ತೆ. ಮೀನೂ ಹೀಗೇ, ಉದ್ದ ದುಪ್ಪಟ್ಟಾದ್ರೆ ತೂಕ ಸುಮಾರು ಎಂಟು ಪಟ್ಟು. ಅದಕ್ಕೇ ಉದ್ದದ ಬೆಳವಣಿಗೆ ನಿಧಾನ ಆದ ಮೇಲೂ ತೂಕ ಕೆಲವು ವರ್ಷ ಜೋರಾಗೇ ಏರ್ತಾ ಇರುತ್ತೆ. "ಎರಡು ವರ್ಷದಲ್ಲಿ ನಾಲ್ಕು ಕೆಜಿ ಜಾಸ್ತಿ ಆಗಿದೆ ಸಾರ್" ಅಂತ ಯಾರಾದ್ರೂ ಹೇಳಿದ್ರೆ ಸುಳ್ಳು ಅನ್ನಬೇಡಿ, ಉದ್ದ ಬರೀ ನಾಲ್ಕು ಬೆರಳು ಜಾಸ್ತಿ ಆಗಿರಬಹುದು ಅಷ್ಟೇ.

ಇನ್ನು ತೂಕ ಸೀಸನ್ ಮೇಲೂ ಹೋಗುತ್ತೆ. ಮೊಟ್ಟೆ ತುಂಬಿದ ಹೆಣ್ಣು ಮೀನು ಮೊಟ್ಟೆ ಇಟ್ಟ ವಾರದಲ್ಲೇ ಹಗುರ ಆಗುತ್ತೆ, ವಯಸ್ಸು ಅದೇ ಉದ್ದ ಅದೇ. ಗಾಳದವರ ಹತ್ರ ತಕ್ಕಡಿ ಇಲ್ಲದಾಗ ಒಂದು ಹಳೇ ಸೂತ್ರ ಇದೆ, ಮೀನಿನ ಉದ್ದವನ್ನ ಸುತ್ತಳತೆಯಿಂದ ಎರಡು ಸಲ ಗುಣಿಸಿ 800ರಿಂದ ಭಾಗಿಸೋದು, ಅಳತೆ ಇಂಚಲ್ಲಿ ಇದ್ರೆ ಉತ್ತರ ಪೌಂಡಲ್ಲಿ ಬರುತ್ತೆ. 40 ಇಂಚು ಉದ್ದ, 25 ಇಂಚು ಸುತ್ತಳತೆ ಇದ್ರೆ 31 ಪೌಂಡ್, ಅಂದ್ರೆ 14 ಕೆಜಿ. ಸುತ್ತಳತೆ ಎರಡು ಸಲ ಬರೋದರಿಂದ ಟೇಪ್ ಸ್ವಲ್ಪ ಸಡಿಲ ಹಿಡಿದ್ರೆ ಮೀನು ಜಾಸ್ತಿ ತೂಗುತ್ತೆ. ಗಾಳದವರು ಟೇಪ್ ಬಿಗಿಯಾಗಿ ಹಿಡಿಯೋದನ್ನ ನಾನಂತೂ ನೋಡಿಲ್ಲ.

ಒಂದೇ ದಿನ ಹುಟ್ಟಿದ ಅಣ್ಣತಮ್ಮಂದಿರು

ಗಾತ್ರ ಬೇರೆ ವಯಸ್ಸು ಬೇರೆ ಅನ್ನೋದು ಕಣ್ಣಿಗೆ ಕಾಣಬೇಕಂದ್ರೆ ಸ್ಪೋರ್ಟ್ ಫಿಶ್ ಬಿಟ್ಟು ಒಂದು ನಿಮಿಷ ನಮ್ಮ ಸಾಕೋ ಮೀನಿನ ಕಡೆ ಬರಬೇಕು. ಆಂಧ್ರದ ಕೊಲ್ಲೇರು ಸುತ್ತಮುತ್ತ ಕಾಟ್ಲಾ, ರೋಹು ಬೆಳೆಯೋ ರೈತರು ಒಂದು ಉಪಾಯ ಮಾಡ್ತಾರೆ. ಮರಿಗಳನ್ನ ಒಂದು ಹೊಂಡದಲ್ಲಿ ಬೇಕಂತಲೇ ಒತ್ತೊತ್ತಾಗಿ ತುಂಬಿ, ಮೇವು ಕಮ್ಮಿ ಕೊಟ್ಟು, ವರ್ಷದ ಹತ್ತಿರ ಹಾಗೇ ಇಡ್ತಾರೆ. ವರ್ಷ ಕಳೆದ್ರೂ ಮೀನು ಅಂಗೈ ಉದ್ದ. ಅದೇ ದಿನ ಹುಟ್ಟಿ ವಿಶಾಲವಾದ ಕೆರೆಗೆ ಹೋದ ಅದರ ಅಣ್ಣ ಒಂದು ಕೆಜಿ ತೂಗ್ತಾ ಇರುತ್ತೆ. ಆಮೇಲೆ ಈ ಕುಳ್ಳಮರಿಗಳನ್ನ ದೊಡ್ಡ ಕೆರೆಗೆ ಬಿಟ್ಟು ಹೊಟ್ಟೆ ತುಂಬ ಮೇವು ಹಾಕಿದ್ರೆ, ಉಪವಾಸ ಬಿಟ್ಟವರ ಥರ ತಿಂದು ಮಾಮೂಲಿಗಿಂತ ಜೋರಾಗಿ ಬೆಳೆಯುತ್ತೆ. ರೈತನಿಗೆ ಲಾಭ, ನಮಗೆ ಪಾಠ: ಮೀನಿನ ಒಳಗಿರೋ ಕ್ಯಾಲೆಂಡರೇ ಬೇರೆ, ಟೇಪೇ ಬೇರೆ.

ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ, ಇನ್ನೂ ಒಂದು ಹೆಜ್ಜೆ ಮುಂದೆ. ಕೆರೆ ಇಕ್ಕಟ್ಟಾದ್ರೆ ಬೆಳೆಯೋದು ಬಿಟ್ಟು ಅಂಗೈಗಿಂತ ಚಿಕ್ಕದಿರುವಾಗಲೇ ಮರಿ ಹಾಕೋಕೆ ಶುರು ಮಾಡುತ್ತೆ. ಬೆಂಗಳೂರು ಸುತ್ತಿನ ಕೆರೆಗಳಲ್ಲಿ ಗಾಳ ಹಾಕಿ ಬರೀ ಚಿಕ್ಕ ಚಿಕ್ಕ ಜಿಲೇಬಿ ಎತ್ತಿ "ಎಲ್ಲಾ ಮರಿಗಳೇ ಇವೆ ಗುರು" ಅಂತ ವಾಪಸ್ ಬಿಟ್ಟಿರ್ತೀವಲ್ಲ, ಅವು ಮರಿಗಳಲ್ಲ, ಆಗಲೇ ಅಮ್ಮ, ಅಜ್ಜಿ ಆಗಿರಬಹುದು.

ಹವೆಯ ಆಟ ನೋಡ್ಬೇಕಂದ್ರೆ ಅಮೆರಿಕದ ಲಾರ್ಜ್‌ಮೌತ್ ಬಾಸ್ ಒಳ್ಳೇ ಉದಾಹರಣೆ, ಅಲ್ಲಿರೋ ನಮ್ಮ ಹುಡುಗರು ವೀಕೆಂಡಲ್ಲಿ ಹಿಡಿಯೋದೂ ಜಾಸ್ತಿ ಅದೇ. ಫ್ಲೋರಿಡಾದಲ್ಲಿ ಸುಮಾರು ಎರಡು ವರ್ಷಕ್ಕೆ ಒಂದಡಿ ಆಗೋ ಬಾಸ್, ಕೆನಡಾ ಗಡಿ ಕಡೆಯ ತಣ್ಣನೆ ಕೆರೆಯಲ್ಲಿ ಅಷ್ಟಾಗೋಕೆ ನಾಲ್ಕೈದು ವರ್ಷ ತಗೊಳ್ಳುತ್ತೆ. ಆದ್ರೆ ಉತ್ತರದ ನಿಧಾನದ ಮೀನು ಬದುಕೋದು ಜಾಸ್ತಿ ವರ್ಷ. ಜೋರಾಗಿ ಬೆಳೆದಿದ್ದು ಬೇಗ ಹೋಗುತ್ತೆ, ನಿಧಾನಕ್ಕೆ ಬೆಳೆದಿದ್ದು ಬಾಳುತ್ತೆ, ಎಲ್ಲ ಜಾತಿಗೂ ಇದು ಕಲ್ಲಲ್ಲಿ ಕೊರೆದ ನಿಯಮ ಅಲ್ಲ, ಆದ್ರೆ ಒಂದೇ ಜಾತಿಯೊಳಗೆ ಬಹಳ ಸಲ ಕಾಣುತ್ತೆ. ಅಂದ್ರೆ ಮಿನ್ನೆಸೋಟದ ಕಸಿನ್ ಹಿಡಿದ ಚಿಕ್ಕ ಬಾಸ್, ಫ್ಲೋರಿಡಾದ ಕಸಿನ್ ಹಿಡಿದ ದೊಡ್ಡ ಬಾಸ್‌ಗಿಂತ ವಯಸ್ಸಲ್ಲಿ ಹಿರಿದಾಗಿರಬಹುದು.

ಗಂಡು ಹೆಣ್ಣಿನ ವ್ಯತ್ಯಾಸ ಬೇರೆ ಇದೆ. ಬಾಸ್‌ನಲ್ಲಿ ದೊಡ್ಡ ದೊಡ್ಡ ಟ್ರೋಫಿ ಮೀನೆಲ್ಲ ಹೆಚ್ಚುಕಮ್ಮಿ ಹೆಣ್ಣೇ, ಗಂಡು ಚಿಕ್ಕದರಲ್ಲೇ ನಿಲ್ಲುತ್ತೆ. ಬರಮುಂಡಿ, ನಮ್ಮ ಕರಾವಳಿಯಲ್ಲಿ ಸೀಬಾಸ್ ಅಂತ ಮಾರ್ತಾರಲ್ಲ, ಅದು ಇನ್ನೂ ವಿಚಿತ್ರ. ಮೊದಲು ಗಂಡಾಗಿರುತ್ತೆ, ಕೆಲವು ವರ್ಷ ಆಗಿ ಮೈ ಬೆಳೆದ ಮೇಲೆ ಹೆಣ್ಣಾಗುತ್ತೆ. ಅಲ್ಲಿ ದೊಡ್ಡ ಮೀನುಗಳೆಲ್ಲ ಹೆಂಗಸರು ಯಾಕೆ ಅಂತ ಕೇಳೋದೇ ಬೇಡ.

ಹಾಗಾದ್ರೆ ವಯಸ್ಸು ಕಂಡುಹಿಡಿಯೋದು ಹೆಂಗೆ

ಮರದ ಹಾಗೆ. ಕಡಿದ ತೇಗದ ದಿಮ್ಮಿ ನೋಡಿದ್ರೆ ಸುತ್ತು ಸುತ್ತು ಗೆರೆ ಕಾಣುತ್ತೆ, ಚೆನ್ನಾಗಿ ಬೆಳೆದ ಕಾಲದಲ್ಲಿ ಅಗಲ, ಒಣ ಕಾಲದಲ್ಲಿ ಒತ್ತು. ಮೀನಿನ ಮೈಯಲ್ಲೂ ಇಂಥ ಗೆರೆ ಬೀಳೋ ಜಾಗಗಳಿವೆ.

ಮೊದಲನೇದು ಹುರುಪೆ. ಚಿಪ್ಪು, ಪೊರೆ ಅಂತಲೂ ಕರೀತಾರೆ. ಮೀನು ಬೆಳೆದ ಹಾಗೆ ಹುರುಪೆಗಳ ಸಂಖ್ಯೆ ಜಾಸ್ತಿ ಆಗಲ್ಲ, ಇರೋ ಒಂದೊಂದೇ ಹುರುಪೆ ಅಂಚಿನಲ್ಲಿ ಬೆಳೀತಾ ಹೋಗುತ್ತೆ. ಚೆನ್ನಾಗಿ ಊಟ ಸಿಕ್ಕ ಕಾಲದಲ್ಲಿ ಗೆರೆಗಳು ಬಿಡಿ ಬಿಡಿ, ಬೆಳವಣಿಗೆ ನಿಧಾನ ಆದಾಗ ಒತ್ತೊತ್ತು. ಒಂದು ಬಿಡಿ ಪಟ್ಟಿ, ಒಂದು ಒತ್ತು ಪಟ್ಟಿ ಸೇರಿದ್ರೆ ಒಂದು ವರ್ಷ. 1898ರಲ್ಲೇ ಜರ್ಮನಿಯಲ್ಲಿ ಹೋಫ್‌ಬಾವರ್ ಅನ್ನೋರು ಕಾರ್ಪ್ ಮೀನಿನ ಹುರುಪೆಯಲ್ಲಿ ಇದನ್ನ ತೋರಿಸಿಕೊಟ್ಟಿದ್ರು. ಒಳ್ಳೇದೇನಂದ್ರೆ ಎರಡು ಮೂರು ಹುರುಪೆ ಕಿತ್ತು ಮೀನನ್ನ ಜೀವಂತ ವಾಪಸ್ ಬಿಡಬಹುದು, ಹೊಸ ಹುರುಪೆ ಬರುತ್ತೆ. ಆದ್ರೆ ಹಾಗೆ ಬಂದ ಹೊಸ ಹುರುಪೆ ಮಧ್ಯದಲ್ಲಿ ಖಾಲಿ ಇರುತ್ತೆ, ಹಳೇ ವರ್ಷಗಳ ದಾಖಲೆ ಅದರಲ್ಲಿ ಇರಲ್ಲ, ಕಳೆದುಹೋದ ಪಾಸ್‌ಬುಕ್ ಬದಲು ಹೊಸದು ಕೊಟ್ಟ ಹಾಗೆ. ಅದಕ್ಕೇ ಒಂದಲ್ಲ, ನಾಲ್ಕೈದು ನೋಡ್ತಾರೆ.

ನಾನೂ ಮನೇಲಿ ಟ್ರೈ ಮಾಡಿದೆ. ಭಾನುವಾರ ಮೀನಂಗಡೀಲಿ ಒಂದೂಕಾಲು ಕೆಜಿ ರೋಹು ತಗೊಂಡು, ಕ್ಲೀನ್ ಮಾಡೋ ಹುಡುಗನಿಗೆ "ನಾಲ್ಕು ಹುರುಪೆ ಹರಿಯದ ಹಾಗೆ ಕೊಡಪ್ಪ" ಅಂದೆ, ಅವನು ನನ್ನ ಮುಖ ನೋಡಿ "ಮಂತ್ರಕ್ಕಾ ಸಾರ್?" ಅಂದ. ಮನೇಲಿ ಪಾತ್ರೆ ಸೋಪಲ್ಲಿ ಬೆರಳಿಂದ ಉಜ್ಜಿ, ಲೋಳೆ ಹೋದ ಮೇಲೆ ಕಿಟಕಿ ಬೆಳಕಿಗೆ ಹಿಡಿದು ಮಗಳ ಸ್ಕೂಲ್ ಕಿಟ್‌ನ ಭೂತಗನ್ನಡೀಲಿ ನೋಡಿದ್ರೆ ನಿಜವಾಗ್ಲೂ ಬೆರಳಚ್ಚಿನ ಹಾಗೆ ಸುತ್ತು ಗೆರೆಗಳು. ಒಂದು ಕಡೆ ಅಂಚು ಬೀಸಣಿಗೆ ಥರ ಸೀಳು ಸೀಳು, ಅದು ಚರ್ಮದೊಳಗೆ ಹುದುಗಿರೋ ಭಾಗ. ನಾನು ಎಣಿಸಿದೆ, ಮೂರು ಪಟ್ಟಿ. ಮಗಳು ಎಣಿಸಿದಳು, ಐದು. ಅಂಗಡಿಯವರು ಇದು ಕೆರೆಯಲ್ಲಿ ಸಾಕಿದ್ದು ಅಂದಿದ್ರು, ಸಾಕಿದ ರೋಹು ಆ ತೂಕಕ್ಕೆ ಬರೋಕೆ ಒಂದು ಒಂದೂವರೆ ವರ್ಷ ಸಾಕು. ಇಬ್ಬರೂ ಫೇಲ್.

ಫೇಲ್ ಆಗಿದ್ದಕ್ಕೆ ಕಾರಣನೂ ಇದೆ. ಚಳಿ ದೇಶದಲ್ಲಿ ವರ್ಷಕ್ಕೊಂದೇ ಸಲ ಕೆರೆ ಹೆಪ್ಪುಗಟ್ಟುತ್ತೆ, ವರ್ಷಕ್ಕೊಂದೇ ಒತ್ತು ಪಟ್ಟಿ, ಎಣಿಸೋದು ಸುಲಭ. ನಮ್ಮಲ್ಲಿ ಆ ಥರ ಚಳಿಗಾಲ ಎಲ್ಲಿದೆ? ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಒಂದು ಗೆರೆ, ಮಳೆಗಾಲದಲ್ಲಿ ಕೆಂಪು ನೀರು ಬಂದು ಮೇವು ಸಿಗದಿದ್ದಾಗ ಒಂದು, ಮೊಟ್ಟೆ ಇಡೋ ಕಾಲದಲ್ಲಿ ಒಂದು, ಕಾಯಿಲೆ ಬಿದ್ದಾಗ ಒಂದು. ಎಲ್ಲವನ್ನೂ ವರ್ಷ ಅಂತ ಎಣಿಸಿದ್ರೆ ಮೀನು ಮುದಿ ಆಗೋಗುತ್ತೆ. ಇವನ್ನ ಸುಳ್ಳು ಗೆರೆ ಅಂತಾರೆ. ಯಾವುದು ನಿಜ ಯಾವುದು ಸುಳ್ಳು ಅಂತ ತಿಳಿಯೋಕೆ ಅದೇ ಹೊಳೆಯ ಮೀನುಗಳನ್ನ ತಿಂಗಳು ತಿಂಗಳು ನೋಡಿ, ಅಂಚಿನಲ್ಲಿ ಒತ್ತು ಗೆರೆ ಯಾವ ತಿಂಗಳಲ್ಲಿ ಬೀಳುತ್ತೆ ಅಂತ ಪಟ್ಟಿ ಮಾಡಬೇಕು.

ಎರಡನೇದು ಕಿವಿಕಲ್ಲು. ಮೀನಿನ ತಲೆಯೊಳಗೆ, ಮಿದುಳಿನ ಪಕ್ಕ, ಒಳಕಿವಿಯಲ್ಲಿ ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ, ಒಂದೊಂದು ಕಡೆ ಮೂರು. ಸಮುದ್ರದ ಮೀನಿನ ತಲೆ ಚೀಪುವಾಗ ಹಲ್ಲಿಗೆ ಬಿಳೀ ಹರಳು ಸಿಕ್ಕಿರುತ್ತಲ್ಲ, ಅದೇ. ಮೀನಿಗೆ ಸಮತೋಲನಕ್ಕೆ, ಶಬ್ದ ಕೇಳೋಕೆ ಬೇಕಾದ್ದು ಇದು. ಪ್ರತಿದಿನ ಇದರ ಮೇಲೆ ತೆಳುವಾದ ಒಂದು ಪದರ ಕೂರುತ್ತೆ, ಪುಟ್ಟ ಮರಿಗಳಲ್ಲಿ ಮೈಕ್ರೋಸ್ಕೋಪ್ ಇಟ್ಟು ವಯಸ್ಸನ್ನ ದಿನದ ಲೆಕ್ಕದಲ್ಲಿ ಹೇಳಬಹುದು. ಮೀನು ಹಸಿದಾಗ ಹುರುಪೆಯ ಅಂಚು ಕರಗಿ ಹೋಗಬಹುದು, ಕಿವಿಕಲ್ಲು ಕರಗಲ್ಲ, ಬೆಳೀತಾನೇ ಇರುತ್ತೆ, ಹಾಗಾಗಿ ಹೆಚ್ಚು ನಂಬಿಕಸ್ತ. ತೊಂದರೆ ಒಂದೇ, ಅದನ್ನ ತೆಗೀಬೇಕಂದ್ರೆ ಮೀನು ಸತ್ತಿರಬೇಕು.

ಮೂರನೇದು ರೆಕ್ಕೆ ಮುಳ್ಳು. ಮುರುಗೋಡಿನಂಥ ಮೀನಿಗೆ, ಅಂದ್ರೆ ಮೀಸೆ ಇರೋ ಕ್ಯಾಟ್‌ಫಿಶ್ ಜಾತಿಗೆ, ಹುರುಪೆನೇ ಇಲ್ಲ, ಅಲ್ಲಿ ಪಕ್ಕದ ರೆಕ್ಕೆಯ ಮುಳ್ಳನ್ನ ಕತ್ತರಿಸಿ, ಸೌತೆಕಾಯಿ ಹೆಚ್ಚಿದ ಹಾಗೆ ತೆಳು ಬಿಲ್ಲೆ ಮಾಡಿ ಅದರಲ್ಲಿ ಸುತ್ತು ಎಣಿಸ್ತಾರೆ. ಇದಲ್ಲದೆ ಮೀನಿಗೆ ಟ್ಯಾಗ್ ಹಾಕಿ ಬಿಟ್ಟು, ವರ್ಷಗಳ ನಂತರ ಮತ್ತೆ ಸಿಕ್ಕಾಗ ಅಳೆಯೋದು. ಇದರಲ್ಲಿ ಊಹೆಗೆ ಜಾಗ ಕಮ್ಮಿ, ಆದ್ರೆ ಮತ್ತೆ ಸಿಗಬೇಕಲ್ಲ.

ನೂರು ದಾಟಿದ ಮೀನು ಇದೆ, ಆದ್ರೆ ನೋಡೋಕೆ ಸಾಧಾರಣ

ಹುರುಪೆ ಹಳೇ ಮೀನಲ್ಲಿ ಎಷ್ಟು ಕೈ ಕೊಡುತ್ತೆ ಅನ್ನೋದಕ್ಕೆ ಅಮೆರಿಕದ ಬಿಗ್‌ಮೌತ್ ಬಫಲೋ ಅನ್ನೋ ಮೀನಿನ ಕಥೆ ಕೇಳಿ. ಇದಕ್ಕೆ ಹೆಚ್ಚಂದ್ರೆ ಇಪ್ಪತ್ತಾರು ವರ್ಷ ಆಯಸ್ಸು ಅಂತ ಎಲ್ಲ ಅಂದ್ಕೊಂಡಿದ್ರು. ಕೆಲಸಕ್ಕೆ ಬಾರದ ಮೀನು ಅಂತ ಜನ ಲೆಕ್ಕಕ್ಕೇ ಇಟ್ಟಿರಲಿಲ್ಲ. 2019ರಲ್ಲಿ ಮಿನ್ನೆಸೋಟ ಕಡೆಯ ಮೀನುಗಳ ಕಿವಿಕಲ್ಲು ಕುಯ್ದು ನೋಡಿದ್ರೆ ಒಂದಕ್ಕೆ 112 ವರ್ಷ. ಸುಮ್ನೆ ಎಣಿಸಿ ಬಿಡಲಿಲ್ಲ, ತಾಳೆ ನೋಡಿದ್ರು. ಹೇಗೆ ಅಂದ್ರೆ 1950, 60ರ ದಶಕದಲ್ಲಿ ದೇಶಗಳು ಗಾಳಿಯಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡ್ತಿದ್ದಾಗ ಒಂದು ಬಗೆಯ ಇಂಗಾಲ ಪ್ರಪಂಚದ ಗಾಳಿ ನೀರಲ್ಲೆಲ್ಲ ಜಾಸ್ತಿ ಆಯ್ತು, ಆ ಕಾಲದಲ್ಲಿ ಬೆಳೆದ ಕಿವಿಕಲ್ಲಿನ ಪದರದಲ್ಲಿ ಅದು ಮುದ್ರೆ ಒತ್ತಿದ ಹಾಗೆ ಉಳಿದಿರುತ್ತೆ. ಕಲ್ಲಿನ ನಡುವಿನಲ್ಲಿ, ಅಂದ್ರೆ ಮೀನು ಮರಿಯಾಗಿದ್ದಾಗಿನ ಪದರದಲ್ಲಿ, ಆ ಮುದ್ರೆ ಇಲ್ಲ ಅಂದ್ರೆ ಮೀನು ಬಾಂಬಿಗಿಂತ ಮೊದಲೇ ಹುಟ್ಟಿದ್ದು ಅಂತ ಲೆಕ್ಕ.

ಈ ಜಾತಿ ಎಷ್ಟು ಬೆಳೆದ್ರೂ 40 ಕೆಜಿ ಮುಟ್ಟೋದು ಕಷ್ಟ. ಶತಾಯುಷಿ ಮೀನು ಎದುರಿಗೆ ಬಂದಿದ್ರೂ ನಮ್ಮ ಮಾವ ಫಾರ್ವರ್ಡ್ ಮಾಡ್ತಿರಲಿಲ್ಲ.

ಕಾವೇರಿಯ ಬಿಳಿ ಮೀನು, ಬರೀ ದೊಡ್ಡವೇ ಸಿಗೋಕೆ ಶುರುವಾದಾಗ

ಈಗ ನಮ್ಮ ಹೊಳೆಗೆ ಬರೋಣ. ಕಾವೇರಿಯ ಮಹಶೀರ್, ಬೆನ್ನು ಡುಬ್ಬದ್ದು, ಹೊಳೆ ಕಡೆಯವರು ಬಿಳಿ ಮೀನು ಅಂತಾರೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕಡೆ ತೆಪ್ಪದಲ್ಲಿ ಕೂತು ರಾಗಿ ಹಿಟ್ಟು ಬೇಯಿಸಿ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿ ಇದನ್ನ ಹಿಡಿಯೋಕೆ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬರ್ತಿದ್ರು. ಮುದ್ದೆಗೆ ಮರುಳಾಗೋ ಮೀನು, ಪಕ್ಕಾ ನಮ್ಮ ಕಡೆಯದ್ದೇ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದಿದ್ದು 120 ಪೌಂಡ್, ಅಂದ್ರೆ 54 ಕೆಜಿ, ಮಹಶೀರ್ ದಾಖಲೆ ಅಂತ ಇವತ್ತಿಗೂ ಹೇಳೋದು ಅದನ್ನೇ. ಆಗ ಕಬಿನಿಗೆ ಅಣೆಕಟ್ಟೂ ಇರಲಿಲ್ಲ.

ಇಷ್ಟು ಪ್ರಸಿದ್ಧ ಮೀನಿಗೆ ವಿಜ್ಞಾನದ ಹೆಸರು ಯಾವುದು ಅಂತ ಖಚಿತ ಆಗಿದ್ದು 2018ರಲ್ಲಿ ಅಂದ್ರೆ ನಂಬ್ತೀರಾ. ಕೇರಳದ ಪಾಂಬಾರ್ ಹೊಳೆಯಲ್ಲಿ, ಅದೂ ಕಾವೇರಿಗೇ ಸೇರೋ ನೀರು, 2007ರಲ್ಲಿ ಹೆಸರಿಟ್ಟಿದ್ದ ಟಾರ್ ರೆಮಾದೇವಿ ಅನ್ನೋ ಮೀನೂ ಇದೂ ಒಂದೇ ಅಂತ ಆವಾಗ ಗೊತ್ತಾಯ್ತು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ವಯಸ್ಸು ಗಾತ್ರದ ಲೆಕ್ಕ ಇಲ್ಲಿ ಯಾಕೆ ಮುಖ್ಯ ಅಂದ್ರೆ, ಗಾಳಿಬೋರೆಯಲ್ಲಿ ಗಾಳ ಹಾಕೋಕೆ ಬಂದವರು ಹಿಡಿದು ಬಿಟ್ಟ ಮೀನಿನ ಲೆಕ್ಕ ಪುಸ್ತಕದಲ್ಲಿ ಬರೆದಿಡ್ತಿದ್ರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನ ಸಂಶೋಧಕರು ತೆಗೆದು ಕೂಡಿ ನೋಡಿದ್ರು, ಆರು ಸಾವಿರಕ್ಕೂ ಹೆಚ್ಚು ಮಹಶೀರ್, 23 ಸಾವಿರ ಗಂಟೆಗೂ ಮೀರಿದ ಗಾಳ. ಮೇಲ್ನೋಟಕ್ಕೆ ಸಿಹಿ ಸುದ್ದಿ, ಸಿಗೋ ಮೀನಿನ ಸಂಖ್ಯೆ ಏರ್ತಾ ಇದೆ. ಆದ್ರೆ ಜಾತಿ ಬಿಡಿಸಿ ನೋಡಿದ್ರೆ, ಏರಿದ್ದು ನೀಲಿ ರೆಕ್ಕೆಯ ಬೇರೆ ಮಹಶೀರ್, ಲೋನಾವಳಾದ ಮರಿ ಕೇಂದ್ರದ ಮೂಲದ್ದು, ಕಾವೇರಿಗೆ ತಂದು ಬಿಟ್ಟಿದ್ದು. ಅದರ ಸರಾಸರಿ ತೂಕ ಇಳೀತಾ ಇತ್ತು. ಡುಬ್ಬದ ಬಿಳಿ ಮೀನು ಮಾತ್ರ ವರ್ಷ ವರ್ಷ ಕಮ್ಮಿ ಸಿಗ್ತಾ ಬಂತು, ಸಿಕ್ಕವುಗಳ ಸರಾಸರಿ ತೂಕ ಜಾಸ್ತಿ ಆಗ್ತಾ ಬಂತು.

ಇಲ್ಲೇ ಸ್ವಲ್ಪ ನಿಲ್ಲಿ. ಮೀನು ಚಿಕ್ಕದಾಗ್ತಿದ್ರೆ ಅಪಾಯ, ದೊಡ್ಡದಾಗ್ತಿದ್ರೆ ಆರೋಗ್ಯ ಅಂತ ತಾನೇ ಅನ್ನಿಸೋದು? ಇಲ್ಲಿ ಉಲ್ಟಾ. ನೀಲಿ ರೆಕ್ಕೆಯದ್ದರ ಸರಾಸರಿ ಇಳಿದಿದ್ದು ಮರಿಗಳು ತುಂಬಿದ್ದರಿಂದ. ಬಿಳಿ ಮೀನಿನ ಸರಾಸರಿ ಏರಿದ್ದು ಮರಿಗಳೇ ಬರದೇ ಇದ್ದಿದ್ದರಿಂದ. ನಮ್ಮ ಎಷ್ಟೋ ಊರುಗಳ ಹಾಗೆ, ಹುಡುಗರೆಲ್ಲ ಪಟ್ಟಣಕ್ಕೆ ಹೋಗಿ ಊರಲ್ಲಿ ಅಜ್ಜ ಅಜ್ಜಿ ಮಾತ್ರ ಉಳಿದ್ರೆ ಊರಿನ ಸರಾಸರಿ ವಯಸ್ಸು ಏರುತ್ತೆ. ಹೊಸ ತಲೆಮಾರು ಬರ್ತಿಲ್ಲ, ಇರೋ ಹಳಬರೇ ಇಷ್ಟಿಷ್ಟು ಬೆಳೀತಾ ಉಳಿದಿದ್ದಾರೆ, ಒಬ್ಬೊಬ್ಬರೇ ಹೋಗ್ತಿದ್ದಾರೆ. ಆ ಕಾಲದಲ್ಲಿ ಗಾಳಿಬೋರೆಯಲ್ಲಿ ದೊಡ್ಡ ಬಿಳಿ ಮೀನು ಸಿಕ್ಕಾಗ ದಡದಲ್ಲಿ ಸಿಳ್ಳೆ ಹೊಡೆದವರಿಗೆ ಇದು ಗೊತ್ತಿರಲಿಕ್ಕಿಲ್ಲ.

ದೊಡ್ಡ ಮೀನನ್ನ ವಾಪಸ್ ಬಿಡಿ ಅಂತ ಹೇಳೋದರ ಹಿಂದೆಯೂ ಇದೇ ಲೆಕ್ಕ ಇದೆ. 2 ಕೆಜಿಯ ಐದು ಹೆಣ್ಣು ಮೀನು ಸೇರಿ ಇಡೋ ಮೊಟ್ಟೆಗಿಂತ 10 ಕೆಜಿಯ ಒಂದೇ ಹೆಣ್ಣು ಜಾಸ್ತಿ ಇಡುತ್ತೆ, ಬಹಳ ಜಾತಿಗಳಲ್ಲಿ ಹೀಗೆ. ಅದಕ್ಕೇ ಕೆಲವು ದೇಶಗಳಲ್ಲಿ ತೀರ ಚಿಕ್ಕದನ್ನೂ ಇಟ್ಕೊಳ್ಳೋ ಹಾಗಿಲ್ಲ, ತೀರ ದೊಡ್ಡದನ್ನೂ ಇಟ್ಕೊಳ್ಳೋ ಹಾಗಿಲ್ಲ, ನಡುವಿನ ಅಳತೆಯದ್ದು ಮಾತ್ರ ಅಂತ ನಿಯಮ ಮಾಡಿದ್ದಾರೆ.

ಮಾವನ ಫೋಟೋಗೆ ವಾಪಸ್

ಕೊನೆಗೆ ಆ ಫೋಟೋ ಹುಡುಕಿದೆ. ಕಾವೇರಿನೂ ಅಲ್ಲ, ಕಬಿನಿನೂ ಅಲ್ಲ, ಉತ್ತರ ಥಾಯ್ಲೆಂಡಿನ ಮೆಕಾಂಗ್ ನದಿಯಲ್ಲಿ 2005ರಲ್ಲಿ ಸಿಕ್ಕ ಮೆಕಾಂಗ್ ಜೈಂಟ್ ಕ್ಯಾಟ್‌ಫಿಶ್, 293 ಕೆಜಿ, 2.7 ಮೀಟರ್. ಈ ಜಾತಿ ಪ್ರಪಂಚದಲ್ಲೇ ಅತಿ ಜೋರಾಗಿ ಬೆಳೆಯೋ ಮೀನುಗಳಲ್ಲಿ ಒಂದು, ಆರೇ ವರ್ಷದಲ್ಲಿ 150ರಿಂದ 200 ಕೆಜಿ ಮುಟ್ಟುತ್ತೆ ಅಂತ ದಾಖಲಾಗಿದೆ. ಅಂದ್ರೆ 120 ವರ್ಷದ ಮಾತು ದೂರ, ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡದಿದ್ರೂ ಆಶ್ಚರ್ಯ ಇಲ್ಲ. ಹುರುಪೆ ಇಲ್ಲದ ಜಾತಿ ಬೇರೆ, ನಿಖರವಾಗಿ ಹೇಳ್ಬೇಕಂದ್ರೆ ಕಿವಿಕಲ್ಲೋ ಮುಳ್ಳೋ ಬೇಕಿತ್ತು. ಆ ಮೀನು ಸತ್ತುಹೋಗಿ ಊರವರು ಹಂಚಿಕೊಂಡು ತಿಂದರಂತೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ದಾಖಲೆ ಬಾಸ್‌ಗೂ ಇದೇ ಗತಿ, ಮನೆಗೆ ತಗೊಂಡು ಹೋಗಿ ಅಡುಗೆ ಮಾಡಿಬಿಟ್ರು.

ಇದನ್ನೆಲ್ಲ ಗ್ರೂಪಲ್ಲಿ ಟೈಪ್ ಮಾಡಿ ಹಾಕಿದೆ. ಮಾವ ಓದಿದ್ರು, ನೀಲಿ ಟಿಕ್ ಬಂತು, ಸುಮಾರು ಹೊತ್ತು ಆದ್ಮೇಲೆ ಉತ್ತರ ಬಂತು: "ಸರಿ ಕಣೋ, ಆ ರೋಹು ಸಾರು ಚೆನ್ನಾಗಿತ್ತಾ?"